ನಾಲ್ಕನೆಯ ಇಯತ್ತೆಯ ಮಹಾನಂದಾ

ನಾನು ಆ ಊರಿನ ಶಾಲೆಯಲ್ಲಿ ಹಾಜರಾದ ದಿನ, ಆಗ ಹೆಡ್ ಮಾಸ್ತರರಾಗಿದ್ದ ಗುರುಪಾದಪ್ಪನವರು ನನ್ನ ಕೈಗೆ ಎರಡು ಡಬ್ಬಿ ಸೀಮೆಸುಣ್ಣ ಕೊಟ್ಟು ಒಂದೇ ಒಂದು ಮಾತು ಹೇಳಿದರು. "ಹುಡುಗರನ್ನ ನಿಲ್ಲಸ್ರಿ, ಬೈರಿ, ಅದೆಲ್ಲಾ ನಿಮಗ ಬಿಟ್ಟಿದ್ದು. ಆದ್ರ ಗಂಟಿ ಹೊಡ್ಯೂದ್ರಾಗ ಕುಂದ್ರು ಅಂತ ಹೇಳಿಬಿಡ್ರಿ ಅಕ್ಕಾರ. ಅದೊಂದು ಮರೀಬ್ಯಾಡ್ರಿ." ನನಗಾಗ ಇಪ್ಪತ್ತೆರಡು ವರ್ಷ. ಹೊಸ ಊರು, ಮೊದಲ ನೌಕರಿ. ಹೂಂ ಅಂದೆ. ಆಮೇಲೆ ಅವರು ಬೀಗದ ಕೈ ಹಿಡಿದು ನನ್ನನ್ನು ಏಳೂ ಇಯತ್ತೆಗಳ ಕೋಣೆಗಳಿಗೆ ಕರೆದುಕೊಂಡು ಹೋದರು. ಬೇಸಿಗೆ ರಜೆ ಇನ್ನೂ ಮುಗಿದಿರಲಿಲ್ಲ. ಮುಚ್ಚಿದ ಕೋಣೆಗಳಲ್ಲಿ, ಧೂಳು ಹಿಡಿದ ಬೆಂಚುಗಳ ನಡುವೆ, ಅಲ್ಲೊಬ್ಬರು ಇಲ್ಲೊಬ್ಬರು ಮಕ್ಕಳು ಕೈ ಕಟ್ಟಿಕೊಂಡು ನಿಂತಿದ್ದರು. ಎರಡನೆಯ ಇಯತ್ತೆಯಲ್ಲಿ ಒಬ್ಬಳು, ಐದನೆಯದರಲ್ಲಿ ಮೂವರು, ಆರನೆಯದರಲ್ಲಿ ಇಬ್ಬರು. ಅವರ ಮೇಲೆ ಮಾತ್ರ ಧೂಳು ಕೂತಿರಲಿಲ್ಲ.

ಆರನೆಯ ಇಯತ್ತೆಯ ಒಬ್ಬ ಹುಡುಗನ ಹತ್ತಿರ ಹೋದೆ. ನೀರು ತುಂಬಿದ ಹೊಸ ಮಡಕೆಯ ಪಕ್ಕ ನಿಂತಂತೆ ತಂಪು ಬಡಿಯಿತು. ಯಾರು ಈತ ಎಂದು ಕೇಳಿದೆ.

"ಅಡಿವೆಪ್ಪ ಅಂತ. ಈಗ ಪ್ಯಾಟ್ಯಾಗ ಟೇಲರ್ ಅದಾನ್ರಿ. ಮದಿವಿ ಆಗೇತಿ, ಒಂದು ಕೂಸು ಐತಿ. ಇಲ್ಲಿ ನಿಂತು ಹದಿನೈದು ವರ್ಷ ಆತು."

"ನಿಲ್ಲಿಸಿದವರ ಬಂದು ಕುಂದ್ರು ಅಂದ್ರ?"

"ಕೂಡ್ತಾರಂತ," ಎಂದು ಗುರುಪಾದಪ್ಪನವರು ಬಾಗಿಲು ಎಳೆದುಕೊಂಡರು. "ಆದ್ರ ನಾನ ನಿಲ್ಲಿಸಿದ್ದೆ ಅಂತ ಯಾರು ಮುಂದ ಬರ್ತಾರ್ರೀ?"

ಊರಿನವರಿಗೆ ಇದೆಲ್ಲ ರೂಢಿಯಾಗಿತ್ತು. ಮಕ್ಕಳು ನಿಂತವರ ಪಕ್ಕದಲ್ಲೇ ಕೂತು ಮಗ್ಗಿ ಹೇಳುತ್ತಿದ್ದರು. ಬೇಸಿಗೆಯಲ್ಲಿ ಆ ತಂಪಿನ ಜಾಗಕ್ಕಾಗಿ ಜಗಳವೂ ಆಗುತ್ತಿತ್ತು. ಮಾಸ್ತರರು ಪ್ರಶ್ನೆ ಕೇಳಿದಾಗಲೆಲ್ಲ ನಿಂತವರ ತುಟಿ ಸಣ್ಣಗೆ ಅಲುಗುತ್ತಿತ್ತು. ಹೊಸದಾಗಿ ಬಂದವರು ಅದನ್ನು ಮೊದಲ ಸಲ ನೋಡಿದ ದಿನ ಊಟ ಬಿಡುತ್ತಿದ್ದರು, ನಾನೂ ಬಿಟ್ಟಿದ್ದೆ. ವರ್ಷಕ್ಕೊಮ್ಮೆ ಫೋಟೋದವನು ಕೋಣೆ ಕೋಣೆಗೆ ಬಂದಾಗ ಮಕ್ಕಳು ಅವರ ಜಾಗ ಬಿಟ್ಟು ನಿಲ್ಲುತ್ತಿದ್ದರು. ಫೋಟೋದಲ್ಲಿ ಅವರು ಬೀಳುತ್ತಿರಲಿಲ್ಲ. ಹಾಗಾಗಿ ಆ ಊರಿನ ಮನೆಗಳ ಗೋಡೆಯ ಮೇಲಿನ ಶಾಲೆಯ ಫೋಟೋಗಳಲ್ಲೆಲ್ಲ ಸಾಲಿನ ನಡುವೆ ಒಂದೊಂದು ಸಂದು.

ನಿಂತ ಮಕ್ಕಳು ಶಾಲೆ ಬಿಟ್ಟು ದೊಡ್ಡವರಾದ ಮೇಲೆ ಊರೊಳಗೆ ಅವರನ್ನು ಗುರುತಿಸುವುದೂ ಕಷ್ಟವಿರಲಿಲ್ಲ. ಮನೆಯಲ್ಲಿ ತಮ್ಮಷ್ಟಕ್ಕೆ ಇದ್ದಾಗ ಎಲ್ಲರಂತೆ ಕೂತು ಉಣ್ಣುತ್ತಿದ್ದರು. ಹೊರಗಿನ ನಾಲ್ಕು ಜನರ ಮುಂದೆ ಮಾತ್ರ ಕೂರಲು ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಲ್ಲುತ್ತಿದ್ದರು. ಅಡಿವೆಪ್ಪ ಒಬ್ಬನೇ ಇದ್ದಾಗ ಮಶೀನು ತುಳಿಯುತ್ತಿದ್ದ, ಗಿರಾಕಿ ಹೊಸ್ತಿಲು ತುಳಿದರೆ ಎದ್ದು ನಿಲ್ಲುತ್ತಿದ್ದ. ಮದುವೆ ಮನೆಗಳಲ್ಲಿ ಇಂಥವರಿಗಾಗಿ ಗೋಡೆಗೆ ಎದೆಮಟ್ಟದ ಹಲಗೆ ಹೊಡೆದಿರುತ್ತಿದ್ದರು, ಎಲೆಯನ್ನು ಅದರ ಮೇಲೆ ಹಾಕಿ ಬಡಿಸುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ಯಾಕೆ ಅಂತಲೂ ಕೇಳುತ್ತಿರಲಿಲ್ಲ.

ನನಗೆ ನಾಲ್ಕನೆಯ ಇಯತ್ತೆ ಕೊಟ್ಟರು. ಆ ಕೋಣೆಯಲ್ಲಿ ಯಾರೂ ನಿಂತಿರಲಿಲ್ಲ. ಅದು ನನಗೆ ಒಂದು ಸಮಾಧಾನ, ಸ್ವಲ್ಪ ಹೆಮ್ಮೆಯೂ ಹೌದು. ಎರಡನೆಯ ವರ್ಷ ನನ್ನ ವರ್ಗದಲ್ಲಿ ಮಹಾನಂದಾ ಎಂಬ ಹುಡುಗಿ ಇದ್ದಳು. ಒಂಬತ್ತು ವರ್ಷ. ತಾಯಿ ಬಾಳವ್ವ ನಮ್ಮ ಓಣಿಯಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ತಂದೆ ಇರಲಿಲ್ಲ. ಹುಡುಗಿ ಎಷ್ಟು ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ಬಂದರೂ ಹುಬ್ಬಿನ ಮೇಲೆ, ಕಿವಿಯ ಹಿಂದೆ ಬಿಳಿ ಹಿಟ್ಟು ಇದ್ದೇ ಇರುತ್ತಿತ್ತು. ಓದುವುದೆಂದರೆ ಅವಳಿಗೆ ಹಬ್ಬ. ನಾನು ಪುಸ್ತಕ ತೆರೆಯುವುದಕ್ಕೂ ಮುಂಚೆ ಕೈ ಎತ್ತುತ್ತಿದ್ದಳು. "ನಾ ಓದ್ತೀನ್ರಿ ಅಕ್ಕಾರ, ನಾ ಓದ್ತೀನ್ರಿ." ಅವಳು ಓದುವಾಗ ಹಿಂದಿನ ಬೆಂಚಿನ ಹುಡುಗರೂ ಸುಮ್ಮನಾಗುತ್ತಿದ್ದರು.

ದೀಪಾವಳಿ ಮುಗಿದ ಮೇಲೆ ಒಂದು ದಿನ ಸಾಹೇಬರು ತಪಾಸಣೆಗೆ ಬಂದರು. ಬೇರೆ ಸೀಮೆಯವರು. ನನ್ನ ಪಾಠ ನೋಡುತ್ತ ಹಿಂದೆ ಕೂತಿದ್ದವರು, ನಡುವೆ ನಾನು ರೂಢಿಯಂತೆ "ಸಾಲಿ" ಅಂದದ್ದನ್ನು ಹಿಡಿದುಕೊಂಡರು. "ಏನಮ್ಮಾ, ಟೀಚರ್ರೇ ಸಾಲಿ ಅಂದ್ರೆ ಮಕ್ಕಳು ಇನ್ನೇನು ಕಲೀತಾರೆ? ಎಲ್ಲಿ, ಶಾಲೆ ಅನ್ನಿ ನೋಡೋಣ." ಅಂದೆ. "ಶಾ ಸರಿಯಾಗಿ ಬರಲಿಲ್ಲ, ಇನ್ನೊಂದ್ಸಲ." ಮಕ್ಕಳ ಮುಂದೆಯೇ ನನ್ನ ಕೈಲಿ ಮೂರು ಸಲ ಅನ್ನಿಸಿದರು. ಕೆಲವು ಮಕ್ಕಳು ಬಾಯಿಗೆ ಕೈ ಇಟ್ಟುಕೊಂಡವು. ಸಾಹೇಬರು ಎದ್ದು ಹೋದರು. ನನ್ನ ಕಿವಿ ಬೆಂಕಿಯಾಗಿತ್ತು. ಕಣ್ಣು ತುಂಬಿ ಬಂದು ಪುಸ್ತಕದ ಅಕ್ಷರ ಕಾಣುತ್ತಿರಲಿಲ್ಲ. ಆಗ ಮಹಾನಂದಾ ಕೈ ಎತ್ತಿದಳು. ನನ್ನನ್ನು ಪಾರು ಮಾಡಬೇಕೆಂದೇ ಎತ್ತಿದ್ದಳು ಅಂತ ಈಗ ಅನ್ನಿಸುತ್ತದೆ. "ನಾ ಓದ್ತೀನ್ರಿ ಅಕ್ಕಾರ." ಓದು ಅಂದೆ. ಎರಡನೆಯ ಸಾಲಿನಲ್ಲಿ "ಶಿಶು" ಅಂತ ಇತ್ತು. ಅವಳು "ಸಿಸು" ಅಂದಳು.

ನಾನು ಅಂದ ಮಾತು ಇದು. ಒಂದಕ್ಷರ ಮರೆತಿಲ್ಲ. "ಗಿರಣ್ಯಾಗ ಹುಟ್ಟಿದಾಕಿ ನೀ. ಆ ಸದ್ದಿನ್ಯಾಗ ನಿನ್ನ ಕಿವೀಗೆ ಅಕ್ಷರ ಹೆಂಗ ಬೀಳಬೇಕು? ಅಂಥಾಕಿ ಎಲ್ಲಾರಗಿಂತ ಮುಂದ ಕೈ ಎತ್ತತಿ. ನಿಂದ್ರು ಹಂಗ." ವರ್ಗ ಗೊಳ್ಳೆಂದು ನಕ್ಕಿತು. ನನ್ನ ಮೇಲೆ ನಗಬೇಕಾದದ್ದು ಅವಳ ಮೇಲೆ ಹೋಯಿತು. ನನಗೆ ಒಂದು ಕ್ಷಣ ಹಗುರಾದಂತೆಯೂ ಆಯಿತು. ಅವಳು ಕೈ ಕಟ್ಟಿಕೊಂಡು ನಿಂತಳು. ನಾನು ಮುಖ ತೊಳೆಯಲು ಪಡಸಾಲೆಗೆ ಹೋದೆ. ಮಡಕೆಯಿಂದ ನೀರು ತೆಗೆದುಕೊಳ್ಳುತ್ತಿದ್ದಾಗ ಗಂಟೆ ಹೊಡೆಯಿತು. ಸಾಹೇಬರ ಊಟದ ಏರ್ಪಾಟಿಗೆಂದು ಸಿಪಾಯಿ ಇಪ್ಪತ್ತು ನಿಮಿಷ ಮೊದಲೇ ಹೊಡೆದುಬಿಟ್ಟಿದ್ದ. ಮಕ್ಕಳು ನನ್ನ ಪಕ್ಕದಿಂದ ಹೋ ಎಂದು ಓಡಿದರು. ಅವರ ಹಿಂದೆ ಮಹಾನಂದಾ ತಲೆ ತಗ್ಗಿಸಿಕೊಂಡು ನಡೆದು ಹೋದದ್ದನ್ನು ನೋಡಿದೆ. ಹೋದಳಲ್ಲ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಬಾಗಿಲಿಗೆ ಬಂದಾಗ ಮಹಾನಂದಾ ಎರಡನೆಯ ಬೆಂಚಿನಲ್ಲಿ ಕೂತಿದ್ದಳು. ಅವಳ ಪಕ್ಕದಲ್ಲಿ ಮಹಾನಂದಾ ನಿಂತಿದ್ದಳು, ನಿನ್ನೆಯ ಲಂಗದಲ್ಲಿ, ಹುಬ್ಬಿನ ಮೇಲೆ ಹಿಟ್ಟು. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನು ಒಳಗೆ ಕಾಲಿಡಲಿಲ್ಲ.

ಗುರುಪಾದಪ್ಪನವರು ಟೀಚರುಗಳನ್ನೆಲ್ಲ ಆಫೀಸಿಗೆ ಕರೆದು, ಯಾರು ನಿಲ್ಲಿಸಿದ್ದು ಎಂದು ಕೇಳಿದರು. ನನಗಿಂತ ಮುಂಚಿನ ತಾಸು ಗಣಿತದ ನೀಲಕಂಠ ಮಾಸ್ತರರದು. ಅವರಿಗೆ ವರ್ಗಾವಣೆಯ ಆದೇಶ ಬಂದಿತ್ತು, ಹಿಂದಿನ ಸಂಜೆಯೇ ಸಾಮಾನು ಕಟ್ಟಿಕೊಂಡು ಬಸ್ಸು ಹತ್ತಿದ್ದರು. "ಗಣಿತದ ಮಾಸ್ತರು ನಿಲ್ಲಿಸಿದ್ರು," ಅಂದೆ. ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ನಿಜವೆನ್ನಿಸಿತು. ಗುರುಪಾದಪ್ಪನವರು ಹುಡುಗಿಯನ್ನು ಕರೆಸಿದರು. "ಹೌದೇನವಾ? ನೀಲಕಂಠ ಮಾಸ್ತರೇನು?" ಅವಳು ನನ್ನ ಮುಖ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ "ಹೌದ್ರಿ" ಅಂದಳು.

ಅಲ್ಲಿಂದ ನಾನು ನಾಲ್ಕನೆಯ ಇಯತ್ತೆ ಬಿಟ್ಟು ಬೇರೆ ವರ್ಗ ಕೇಳಿ ಪಡೆದೆ. ನಿಂತವರು ತಮ್ಮನ್ನು ನಿಲ್ಲಿಸಿದವರನ್ನೇ ನೋಡುತ್ತಾರೆಂದು ಆ ಬೆಳಿಗ್ಗೆಯೇ ನನಗೆ ತಿಳಿದಿತ್ತು. ನಾನು ಆ ಕೋಣೆಗೆ ಕಾಲಿಟ್ಟರೆ ಯಾರಾದರೂ ನೋಡಿಬಿಡುತ್ತಿದ್ದರು. ಆ ಪಡಸಾಲೆಯಲ್ಲಿ ನಡೆಯುವುದನ್ನೇ ಬಿಟ್ಟೆ. ಮಳೆ ಬಂದರೂ ಕೊಡೆ ಹಿಡಿದು ಹಿತ್ತಲಿನಿಂದ ಸುತ್ತು ಹಾಕಿ ಬರುತ್ತಿದ್ದೆ. ಮುಂದೆ ನಾನೇ ಹೆಡ್ ಮಿಸ್ಟ್ರೆಸ್ ಆದೆ, ಮಕ್ಕಳ ಬಾಯಲ್ಲಿ ದೊಡ್ಡಕ್ಕಾರು. ಆಫೀಸು ನಾಲ್ಕನೆಯ ಇಯತ್ತೆಯ ಪಕ್ಕದ ಕೋಣೆ. ನಡುವೆ ಒಂದು ಗೋಡೆ. ಆ ಗೋಡೆಗೆ ಬೆನ್ನು ಮಾಡಿ ಕುರ್ಚಿ ಹಾಕಿಸಿಕೊಂಡೆ. ಬೇಸಿಗೆಯ ಮಧ್ಯಾಹ್ನದಲ್ಲೂ ಬೆನ್ನಿನ ನಟ್ಟನಡುವೆ, ಒಂದು ಬೊಗಸೆಯಷ್ಟು ಜಾಗದಲ್ಲಿ, ತಂಪು ಹತ್ತುತ್ತಿತ್ತು.

ಮಹಾನಂದಾ ಏಳನೆಯ ಇಯತ್ತೆಯವರೆಗೆ ಬಂದಳು. ಒಮ್ಮೆಯೂ ಕೈ ಎತ್ತಲಿಲ್ಲ. ಶಾಲೆ ಬಿಟ್ಟು ಗಿರಣಿಯಲ್ಲಿ ನಿಂತಳು. ಗಿರಣಿ ಕೆಲಸ ಹೇಗೂ ನಿಂತೇ ಮಾಡುವುದು, ಹಾಗಾಗಿ ಅವಳಿಗೆ ಅದು ಸರಿಹೋಯಿತು ಎಂದು ಜನ ಅಂದರು. ಹತ್ತೊಂಬತ್ತನೆಯ ವರ್ಷಕ್ಕೆ ನೋಡಲು ಪರಸ್ಥಳದ ಗಂಡಿನವರು ಬಂದಿದ್ದರು. ಓಣಿಯವಳೆಂದು ನನ್ನನ್ನೂ ಕರೆದಿದ್ದರು. ಚಾಪೆ ಹಾಸಿ, "ಕುಂದ್ರವಾ" ಅಂದರು. ಅವಳು ಮಂಡಿ ಬಗ್ಗಿಸಿದಳು, ಅರ್ಧಕ್ಕೆ ನಿಂತಳು, ಮತ್ತೆ ನೆಟ್ಟಗಾದಳು. ಮತ್ತೊಮ್ಮೆ ಪ್ರಯತ್ನಿಸಿದಳು. ಸೀರೆಯ ಒಳಗೆ ಅವಳ ಕಾಲು ಬಿಗಿಯುತ್ತಿದ್ದುದು ಕಾಣುತ್ತಿತ್ತು. ಗಂಡಿನ ತಾಯಿ, "ಹುಡಿಗಿ ಕಾಲಾಗ ಏನರ ದೋಷ ಐತೇನ್ರಿ?" ಅಂದಳು. ಬಾಳವ್ವ ಅವಲಕ್ಕಿಯ ತಾಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾನು ಚಾಪೆಯ ತುದಿಯಲ್ಲಿ ಕೂತಿದ್ದೆ. ಆಮೇಲೆ ಬೇರೆ ಯಾರೂ ಬರಲಿಲ್ಲ.

ಒಮ್ಮೆ, ಎಷ್ಟೋ ವರ್ಷಗಳ ನಂತರ, ಜೋಳ ಬೀಸಿಸಲು ಹೋದಾಗ ಗಿರಣಿಯಲ್ಲಿ ಅವಳೊಬ್ಬಳೇ ಇದ್ದಳು. ಹಿಟ್ಟು ಡಬ್ಬಿಗೆ ತುಂಬಿ, "ಮುಚ್ಚಳ ಹಾಕಬ್ಯಾಡ್ರಿ ಅಕ್ಕಾರ, ಬಿಸಿ ಐತಿ, ಮುಗ್ಗತೈತಿ," ಅಂದಳು. ನನಗೆ ಏನಾಯಿತೋ, "ಮಹಾನಂದಾ, ಅವತ್ತ ನಾನು," ಅಂದೆ. ಅವಳು ಮೋಟಾರು ಆರಿಸಿದಳು. ಒಮ್ಮೆಗೇ ಎಷ್ಟು ನಿಶ್ಶಬ್ದ.

"ಅವತ್ತ ನೀವು ಅಂದಿದ್ದು ಖರೇನ ಇತ್ರಿ," ಅಂದಳು. "ನಾನೂ ಭಾಳ ವಿಚಾರ ಮಾಡೀನಿ. ಈ ಸದ್ದಿನ್ಯಾಗ ಬೆಳದಾಕಿಗೆ ಅಕ್ಷರ ಎಲ್ಲಿಂದ ಕೇಳಸಬೇಕು? ನನಗ ಓದು ಬರ್ತೈತಿ ಅಂತ ನಾನ ಸುಳ್ಳ ತಿಳಕೊಂಡಿದ್ದೆ." ದನಿಯಲ್ಲಿ ಕಹಿ ಇರಲಿಲ್ಲ. ಕಹಿ ಇದ್ದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. "ಅವ್ವಗ ಮಾತ್ರ ಹೇಳಬ್ಯಾಡ್ರಿ. ಗಿರಣಿ ಸಲುವಾಗಿ ಹಿಂಗಾತು ಅಂತ ತಿಳಿದ್ರ ಆಕಿ ತಡಕೊಳ್ಳೂದಿಲ್ಲ." ಅವಳು ಸುಳ್ಳು ಹೇಳಿದ್ದು ನನಗೆ ಹೆದರಿ ಎಂದು ನಾನು ಅಷ್ಟು ವರ್ಷ ನಂಬಿದ್ದೆ.

ಮೂವತ್ತೈದನೆಯ ವರ್ಷಕ್ಕೆ ಕಾಮಾಲೆಯಾಗಿ ಮಹಾನಂದಾ ತೀರಿಕೊಂಡಳು. ಹದಿನೈದು ದಿನ ಗಿರಣಿ ಮುಚ್ಚಿತ್ತು. ಹದಿನಾರನೆಯ ದಿನ ಮಧ್ಯಾಹ್ನದ ಬಿಡುವಿನಲ್ಲಿ ಬಾಳವ್ವ ಶಾಲೆಯ ಗೇಟು ತೆರೆದುಕೊಂಡು ಬಂದಳು. ನನ್ನ ಆಫೀಸಿನ ಬಾಗಿಲಲ್ಲಿ ನಿಂತು, "ಅಕ್ಕಾರ, ನಾ ಒಂದೀಟು ನಾಕನೇ ಇಯತ್ತೇಗೆ ಹೋಗಿ ಕುಂದರ್ಲಿ?" ಎಂದು ಕೇಳಿದಳು. ಬೇಡವೆನ್ನಲು ನನಗೆ ಬಾಯಿ ಎಲ್ಲಿತ್ತು? ಅಂದಿನಿಂದ ದಿನವೂ ಬರತೊಡಗಿದಳು. ಎರಡನೆಯ ಬೆಂಚಿನ ತುದಿಯಲ್ಲಿ ಕೂತು ಮಗಳ ಜೊತೆ ಮಾತಾಡುತ್ತಿದ್ದಳು. ಗೋಡೆಯ ಈಚೆ ನನಗೆ ಎಲ್ಲ ಕೇಳಿಸುತ್ತಿತ್ತು. ಇವತ್ತು ಯಾರ ಮನೆಯ ಗೋಧಿ ಬಂತು, ಗಿರಣಿಯ ಪಟ್ಟಾ ಹರಿಯಿತು, ಮೊಳೆ ಬದಲಿಸಿದೆ. "ಆ ಗ್ವಾಡಿ ಕಡೇನ ಯಾಕ ನೋಡ್ತಿ? ನನ್ನ ಕಡೆ ನೋಡವಾ," ಅನ್ನುತ್ತಿದ್ದಳು. ಆ ಗೋಡೆಯ ಮೇಲೆ ನಕಾಶೆ ಇತ್ತು. ಮಗಳು ನಕಾಶೆ ನೋಡುತ್ತಾಳೆ ಎಂದು ಬಾಳವ್ವ ತಿಳಿದಿದ್ದಳು.

ಯುಗಾದಿಯ ಹೊತ್ತಿಗೆ ಒಂದು ದಿನ ಅವಳು ಓಡಿ ಬಂದಳು. "ಅಕ್ಕಾರ, ಆಕಿ ಕಾಲು ನಡಗಾಕತ್ತಾವ್ರಿ." ಬೇರೆ ಟೀಚರುಗಳೂ ನೋಡಿ ಬಂದು ಹೌದೆಂದರು. ದೊಡ್ಡ ಮಹಾನಂದಾ ಹೋದಮೇಲೆ ಚಿಕ್ಕವಳ ಮಂಡಿಗಳು ಒಂದೇ ಸಮ ನಡುಗುತ್ತಿದ್ದವು, ತುಂಬ ಹೊತ್ತು ನಿಲ್ಲಿಸಿದ ಮಗುವಿಗೆ ನಡುಗುವ ಹಾಗೆ. ಮೊದಲು ಹೀಗೆ ಯಾರಿಗೂ ಆಗಿರಲಿಲ್ಲ. "ಇಷ್ಟ ವರ್ಷ ಮಾಸ್ತರು ಸಿಕ್ಕಾರು ಅಂತ ನಾ ಆಸೆ ಮಾಡಲಿಲ್ರಿ," ಅಂದಳು ಬಾಳವ್ವ. "ಈಗ ನೋಡಾಕರೆ ಒಬ್ಬಾಕಿ ಅದಾಳಲ್ಲ ಅಂತ ಬರ್ತಿದ್ದೆ. ಆದ್ರ ನನ್ನ ಸಲುವಾಗಿ ಆ ಕೂಸು ನಿಂದ್ರೂದು ಬ್ಯಾಡ. ನೀಲಕಂಠ ಮಾಸ್ತರನ್ನ ಹುಡುಕಿಸಿ ಕೊಡ್ರಿ. ಅವರ ಕಾಲು ಹಿಡಿದು ಕರಕೊಂಡ ಬರ್ತೀನಿ. ನನಗ ಬರಿಯಾಕ ಬರೂದಿಲ್ಲ, ನೀವು ಕಾಗದ ಬರೀರಿ."

ನಾನು ಬರೆದೆ. ಆಫೀಸಿನ ಮೇಜಿನ ಮೇಲೆ, ಅವಳನ್ನು ಎದುರಿಗೆ ಕೂರಿಸಿಕೊಂಡು, ನನ್ನ ದುಂಡು ಅಕ್ಷರದಲ್ಲಿ. ಅವರು ಕೆಲಸ ಮಾಡಿದ ಊರುಗಳ ಶಾಲೆಗಳಿಗೆ ಒಂದೊಂದರಂತೆ ಏಳು ಕಾಗದ. "ತಾವು ಇಪ್ಪತ್ತಾರು ವರ್ಷಗಳ ಹಿಂದೆ ನಿಲ್ಲಿಸಿದ ನನ್ನ ಮಗಳು" ಎಂದು ಅವಳು ಹೇಳಿದಳು, ಹಾಗೆಯೇ ಬರೆದೆ. ಪ್ರತಿ ಸಲ ಆ ಸಾಲಿಗೆ ಬಂದಾಗ ಪೆನ್ನು ನಿಲ್ಲುತ್ತಿತ್ತು. ಈಗ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಬಾಳವ್ವ ನನ್ನ ಮುಂದೆ ಕೈ ಜೋಡಿಸಿ, "ನಿಮ್ಮ ಉಪಕಾರ ಮರಿಯೂದಿಲ್ಲ" ಅನ್ನುತ್ತಿದ್ದಳು. ನಾನು ಅಂಟು ಹಚ್ಚಿ ಮುಚ್ಚುತ್ತಿದ್ದೆ. ಮಾಸ್ತರರು ಸತ್ತಿರಲಿ ಎಂದು ಬಯಸಿದ್ದೂ ಉಂಟು.

ಶ್ರಾವಣದಲ್ಲಿ ಉತ್ತರ ಬಂತು. ಸೊಟ್ಟ ಅಕ್ಷರದ ಒಂದು ಕಾರ್ಡು. ನನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಯಾರಾದರೂ ಬಂದು ಕರೆದುಕೊಂಡು ಹೋದರೆ ಬರುತ್ತೇನೆ ಎಂದಿತ್ತು. ಬಾಳವ್ವ ಅದೇ ದಿನ ಬಸ್ಸು ಹತ್ತಿದಳು. ಮೂರನೆಯ ದಿನ, ಬೆಳಗಿನ ಎರಡನೆಯ ತಾಸಿನಲ್ಲಿ, ಅವರ ಕೈ ಹಿಡಿದುಕೊಂಡು ಗೇಟಿನಲ್ಲಿ ಬಂದಳು. ನೀಲಕಂಠ ಮಾಸ್ತರರಿಗೆ ಎಪ್ಪತ್ತು ದಾಟಿತ್ತು. ದಪ್ಪ ಗಾಜಿನ ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿ. ನನ್ನ ದನಿ ಕೇಳಿ, "ಪ್ರಮೀಳಾ ಅಕ್ಕಾರ ಏನ್ರಿ?" ಅಂದರು. "ಈ ಹುಡುಗಿ ನನಗ ನೆನಪಿಲ್ರಿ. ಬಸ್ಸಿನ್ಯಾಗ ಬರೂವಾಗ ಭಾಳ ನೆನಪ ಮಾಡಿದೆ. ಆದ್ರ ನಾ ಆಗ ಭಾಳ ಮಂದೀನ್ನ ನಿಲ್ಲಸ್ತಿದ್ದೆ. ನಾನ ಇರಬೌದು." ನಾನು ಪಡಸಾಲೆಯ ದಾರಿ ತೋರಿಸಿದೆ.

ಪಡಸಾಲೆಯಲ್ಲಿ ನಡೆಯುವಾಗ ಆರನೆಯ ಇಯತ್ತೆಯಿಂದ ಮಕ್ಕಳ ಕೂಗು ಕೇಳಿಸಿತು. "ಅಡಿವೆಪ್ಪ ಕತ್ತು ಹೊಳ್ಳಿಸಿದ! ಅಡಿವೆಪ್ಪ ಹೊಳ್ಳಿ ನೋಡಾಕತ್ತಾನ!" ನಿಂತ ಹುಡುಗ ಗದ್ದ ಎತ್ತಿ ಬಾಗಿಲ ಕಡೆಗೆ ನೋಡುತ್ತಿದ್ದ. ನೀಲಕಂಠ ಮಾಸ್ತರರು ಅಲ್ಲೇ ನಿಂತರು. ಅವರಿಗೆ ಕಂಡಿತೋ ಇಲ್ಲವೋ, ಕಿಟಕಿಯ ಸರಳು ಹಿಡಿದುಕೊಂಡರು. "ಇಂವ ನನಗ ಗೊತ್ತಾನ್ರಿ," ಅಂದರು. "ಇವನ ಸಲುವಾಗೇ ನಾ ವರ್ಗಾ ಬೇಡಿಕೊಂಡು ಹ್ವಾದೆ. ದಿನಾ ನೋಡ್ತಿದ್ದ. ಒಂದು ಮಾತು ಅನ್ನಾಕ ನನಗ ಧೈರ್ಯ ಆಗಲಿಲ್ಲ." ಒಳಗೆ ಹೋಗಿ, ಗಾಳಿಯಲ್ಲಿ ಕೈ ಆಡಿಸಿ, ತಂಪು ತಾಕಿದ ಕಡೆ ತಿರುಗಿ, "ಅಡಿವೆಪ್ಪ, ಕುಂದ್ರಪಾ. ತಪ್ಪಾತು," ಅಂದರು. ಹುಡುಗ ಕೈ ಬಿಚ್ಚಿದ. ಬೆಂಚಿನ ಮೇಲೆ ಕೂತ. ಕೂತಲ್ಲಿ ಯಾರೂ ಇರಲಿಲ್ಲ. ಅದೇ ಹೊತ್ತಿಗೆ ಪೇಟೆಯಲ್ಲಿ, ಕೊರಳಲ್ಲಿ ಟೇಪು ಹಾಕಿಕೊಂಡು ಗಿರಾಕಿಯ ತೋಳಿನ ಅಳತೆ ಹಿಡಿಯುತ್ತಿದ್ದ ಅಡಿವೆಪ್ಪ, ಐವತ್ತೈದು ವರ್ಷದವನು, ಮಾತಿನ ನಡುವೆ ಪಟ್ಟನೆ ಸ್ಟೂಲಿನ ಮೇಲೆ ಕೂತು ಅಳತೊಡಗಿದನೆಂದು ಸಂಜೆ ತಿಳಿಯಿತು.

ಬಾಳವ್ವನ ಮುಖ ಅರಳಿತು. ಮಾಸ್ತರರನ್ನು ಎಳೆದುಕೊಂಡೇ ನಾಲ್ಕನೆಯ ಇಯತ್ತೆಗೆ ನಡೆದಳು. ನಾನು ಬಾಗಿಲಿನಿಂದ ಆಚೆ, ಗೋಡೆಗೆ ಒರಗಿ ನಿಂತೆ. "ಮಾಸ್ತರ ಬಂದಾರವಾ, ನೋಡು," ಎಂದು ಬಾಳವ್ವ ಒಳಗೆ ಹೇಳುತ್ತಿದ್ದಳು. "ಕುಂದ್ರವಾ," ಅಂದರು ಮಾಸ್ತರರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಕುಂದ್ರು ತಾಯಿ." ಏನೂ ಆಗಲಿಲ್ಲ. "ನಿಮ್ಮ ಕಡೆ ನೋಡವಲ್ಲಳ್ರಿ," ಅಂದಳು ಬಾಳವ್ವ. ಆಗ ಒಂದು ಹುಡುಗಿಯ ದನಿ ಕೇಳಿಸಿತು. ಎರಡನೆಯ ಬೆಂಚಿನ ಮುಬೀನಾ. "ಆಕಿ ಅವರ ಕಡೆ ನೋಡೂದಿಲ್ಲಜ್ಜಿ. ಆಕಿ ಯಾವಾಗಲೂ ದೊಡ್ಡಕ್ಕಾರು ಇದ್ದ ಕಡೇನ ನೋಡ್ತಾಳ. ಅವರು ಹಿತ್ತಲದಾಗ ಹಾಯ್ದ್ರ ಹಿತ್ತಲ ಕಡೆ, ಆಫೀಸಿನ್ಯಾಗ ಕುಂತ್ರ ಗ್ವಾಡಿ ಕಡೆ. ನಮ್ಮಕ್ಕ ಇದ್ದಾಗ್ಲೂ ಹಂಗ ಇತ್ತಂತ."

ಅಷ್ಟು ವರ್ಷ, ಆ ಕೋಣೆಯಲ್ಲಿ ಕೂತು ಹೋದ ಮಕ್ಕಳಿಗೆಲ್ಲ ಗೊತ್ತಿತ್ತು. ಯಾರೂ ಅವರನ್ನು ಕೇಳಿರಲಿಲ್ಲ.

ನಾನು ಹೊಸ್ತಿಲು ದಾಟಿದೆ. ಅವಳು ಅಲ್ಲೇ ಇದ್ದಳು, ಒಂಬತ್ತು ವರ್ಷದವಳು, ಮಂಡಿ ನಡುಗಿಸುತ್ತ. ಗೋಡೆಯಿಂದ ನನ್ನ ಮುಖದವರೆಗೆ ಅವಳ ಕಣ್ಣು ನಿಧಾನವಾಗಿ ಸರಿದು ಬಂದು ನಿಂತಿತು. ಮೂವತ್ತೆರಡು ಮಕ್ಕಳು ಸುಮ್ಮನೆ ನೋಡುತ್ತಿದ್ದರು. ಬಾಳವ್ವ ಮಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ಅಕ್ಕಾರ?" ಅಂದಳು.

"ಮಾಸ್ತರಲ್ಲ ಬಾಳವ್ವ. ನಿಲ್ಲಿಸಿದಾಕಿ ನಾನು."

ಅವಳಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಲೆಕ್ಕ ತಪ್ಪಿದವಳಂತೆ ನಿಂತಳು. "ಏಳು ಕಾಗದ ಬರದ್ರಲ್ಲರಿ," ಅಂದಳು. ಆಮೇಲೆ, "ಏನಂದಿದ್ರಿ ಆಕಿಗೆ?"

ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ. ಮಕ್ಕಳ ಮುಂದೆ, ಆ ಕುರುಡು ಮಾಸ್ತರರ ಮುಂದೆ. ಬಾಳವ್ವನ ಕೈ ತಾನಾಗಿ ಸೆರಗಿನ ಹಿಟ್ಟನ್ನು ಝಾಡಿಸತೊಡಗಿತು. "ನನ್ನ ಗಿರಣಿ ಸದ್ದಾ?" ಅಂದಳು. ಮತ್ತೆ ಮಗಳ ಕಡೆ ತಿರುಗಿ, "ನನಗ ಹೇಳಬೇಕಿಲ್ಲೇನವಾ?" ಅಂದಳು. ಬೆಂಚಿನ ತುದಿಯಲ್ಲಿ ಕೂತುಬಿಟ್ಟಳು. "ಎಲ್ಲಾರೂ ಸುಮ್ಮನಿರ್ರಿ. ನಾ ಆಕಿ ಕೂಡ ಮಾತಾಡೂದೈತಿ."

ಬಹಳ ಹೊತ್ತು ಮಾತಾಡಿದಳು. ಮಹಾನಂದಾ ಹೊಟ್ಟೆಯಲ್ಲಿದ್ದಾಗ ಗಿರಣಿ ಇರಲಿಲ್ಲವಂತೆ. ಅವಳು ಹುಟ್ಟಿದಮೇಲೆ ಕೊಂಡದ್ದಂತೆ. ತೊಟ್ಟಿಲನ್ನು ಹಿತ್ತಲಿನಲ್ಲಿ ಕಟ್ಟುತ್ತಿದ್ದಳಂತೆ, ಸದ್ದು ಕೇಳಬಾರದೆಂದು. ಅಲ್ಲಿ ಗುಬ್ಬಿಯ ಸದ್ದು ಮಾತ್ರ ಇತ್ತಂತೆ. "ನಿನಗ ಎಲ್ಲಾ ಛಲೋ ಕೇಳಸ್ತಿತ್ತು. ನೀ ಓದೂದು ನಾ ಒಲಿ ಮುಂದ ಕುಂತು ಕೇಳೀನಿ. ಯಾರ ಹಂಗೂ ಅಲ್ಲ, ಹಂಗ ಓದ್ತಿದ್ದಿ." ಹುಡುಗಿಯ ಕಣ್ಣು, ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ, ನನ್ನಿಂದ ಕದಲಿ ತಾಯಿಯ ಕಡೆ ಹೋಯಿತು.

"ಈಗ ಹೇಳ್ರಿ," ಅಂದಳು ಬಾಳವ್ವ, ನನ್ನ ಕಡೆ ನೋಡದೆ.

"ಮಹಾನಂದಾ," ಅಂದೆ. "ಸಿಟ್ಟು ಬೇರೆ ಯಾರ ಮ್ಯಾಲೋ ಇತ್ತವಾ. ಸಿಕ್ಕಾಕಿ ನೀನು. ಕುಂದ್ರು."

ಮುಬೀನಾ ಸರಿದು ಜಾಗ ಮಾಡಿ ಬೆಂಚನ್ನು ಅಂಗೈಯಿಂದ ತಟ್ಟಿದಳು. ಮಹಾನಂದಾ ಕೈ ಬಿಚ್ಚಿ, ಲಂಗ ಸರಿಮಾಡಿಕೊಂಡು ಕೂತಳು. ಅಡಿವೆಪ್ಪನ ಹಾಗೆ ಮಾಯವಾಗಲಿಲ್ಲ. ತಾಯಿ ಮತ್ತು ಮುಬೀನಾಳ ನಡುವೆ ಕೂತು, ಕಾಲು ತೂಗಾಡಿಸುತ್ತ, ಮುಬೀನಾಳ ಪುಸ್ತಕದೊಳಗೆ ಇಣುಕಿದಳು. ಮುಬೀನಾ ಒಂದು ಪುಟ ಹೊಳ್ಳಿಸಿದಳು, ಅವಳಿಗೂ ಕಾಣುವಂತೆ ಪುಸ್ತಕ ಸರಿಸಿದಳು. ಹಾಗೆ ಎಷ್ಟು ಹೊತ್ತೋ. ಮಧ್ಯಾಹ್ನದ ಗಂಟೆ ಹೊಡೆಯಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ತಡೆಯಲಾರದೆ ಎದ್ದು ಓಡಿದರು. ಅವರ ನಡುವೆ ಅವಳೂ ಎದ್ದು ಓಡಿದಳು. ನನ್ನ ಪಕ್ಕದಿಂದಲೇ ಹೋದಳು, ತೋಳಿಗೆ ತಂಪು ಸವರಿತು. ಬಾಳವ್ವ ಪಡಸಾಲೆಗೆ, ಅಂಗಳಕ್ಕೆ, ಗೇಟಿಗೆ ಓಡಿದಳು. ಗೇಟಿನಾಚೆ ಮಕ್ಕಳು ಬಯಲಿಗೆ ಚೆದುರಿಹೋಗಿದ್ದರು. ಬಿಸಿಲು, ಧೂಳು, ಕೂಗಾಟ. ಅದರಲ್ಲಿ ಯಾವ ಜಡೆ ಯಾರದೆಂದು ತಿಳಿಯುವಂತಿರಲಿಲ್ಲ.

ನಾನು ಹಿಂದಿನಿಂದ ಬಂದು ಸ್ವಲ್ಪ ದೂರದಲ್ಲಿ ನಿಂತೆ. ಬಾಳವ್ವ ಬಯಲನ್ನೇ ನೋಡುತ್ತಿದ್ದಳು. ಅವಳ ಮುಖ ತೊಯ್ದಿತ್ತು, ನಗುತ್ತಲೂ ಇದ್ದಳು. "ಎಷ್ಟ ಜೋರ ಓಡಿದ್ಲು ನೋಡಿದ್ರಿಲ್ಲ?" ಅಂದಳು. "ಹೊಳ್ಳಿ ಸುದ್ದಾ ನೋಡಲಿಲ್ಲ." ಯಾರ ಜೊತೆ ಮಾತಾಡುತ್ತಿದ್ದೇನೆಂದು ಆಗ ಅವಳಿಗೆ ನೆನಪಾಯಿತು. ನಗು ನಿಂತಿತು. "ಅಕ್ಕಾರ," ಅಂದಳು, ಬೈಯುವವಳಂತೆ ಅಲ್ಲ, ಬೇಡುವವಳಂತೆ. "ಇನ್ನ ನೀವು ನನ್ನ ಮುಂದ ಬರಬ್ಯಾಡ್ರಿ." ಒಳಗೆ ಹೋಗಿ ನೀಲಕಂಠ ಮಾಸ್ತರರ ಕೈ ಹಿಡಿದು ಹೊರಗೆ ಕರೆತಂದಳು. ಇಪ್ಪತ್ತಾರು ವರ್ಷ ನಿಮಗೆ ಶಾಪ ಹಾಕಿದ್ದೇನೆ, ಹೊಟ್ಟೆಗೆ ಹಾಕಿಕೊಳ್ಳಿ ಎಂದು ಅವರಿಗೆ ಹೇಳುತ್ತ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

ಅದಾಗಿ ಹನ್ನೊಂದು ವರ್ಷ. ನೌಕರಿ ಮುಗಿಯಿತು, ಊರು ಬಿಟ್ಟಿಲ್ಲ. ಓಣಿ ಒಂದೇ, ಒಮ್ಮೊಮ್ಮೆ ಬಾಳವ್ವ ಎದುರಿನಿಂದ ಬರುವುದು ಕಾಣುತ್ತದೆ. ಅವಳು ನನ್ನನ್ನು ನೋಡುವ ಮುಂಚೆ ನಾನು ಪಕ್ಕದ ಸಂದಿಗೆ ಇಳಿಯುತ್ತೇನೆ. ಅವಳು ದಾಟಿ ಹೋಗುವವರೆಗೆ ಅಲ್ಲೇ ಇರುತ್ತೇನೆ.